ಸಹಾಯ ಬೇಕು: ಆಟೊ ಅಪಘಾತದಿಂದ ನಿಂತುಹೋದ ಕೂಲಿ ದುಡ್ಡಿಗೆ ಪರಿಹಾರ ಕೇಳೋದು ಹೇಗೆ? (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುತ್ತಾನೆ. ಯುಗಾದಿಗೆ ಮುಂಚೆ ಆ್ಯಪ್‌ನಲ್ಲಿ ಬುಕ್ ಮಾಡಿದ ಆಟೊದಲ್ಲಿ ಬರುವಾಗ ಹಿಂದಿನಿಂದ ಟಿಪ್ಪರ್ ಗುದ್ದಿತು. ಬಲಗೈ ಮಣಿಕಟ್ಟು ಮುರಿದು ಪ್ಲೇಟ್ ಹಾಕಿದ್ದಾರೆ. ಜೀನ್ಸ್ ಬಟ್ಟೆ ದಪ್ಪ ಅಲ್ವಾ, ಸೂಜಿ ಕೆಳಗೆ ದೂಡಲು ಹೋದರೆ ಹೆಬ್ಬೆರಳು ನಡುಗುತ್ತದೆ. ಕೆಲಸ ಪೂರ್ತಿ ನಿಂತಿದೆ.

ಎಫ್‌ಐಆರ್ ಆಗಿದೆ, ಟಿಪ್ಪರ್‌ಗೆ ಇನ್ಶೂರೆನ್ಸ್ ಇದೆ, ಆಸ್ಪತ್ರೆ ಬಿಲ್ಲುಗಳೂ ಇವೆ. ತೊಂದರೆ ಇರೋದು ಕೂಲಿ ವಿಷಯದಲ್ಲಿ. ಅವನಿಗೆ ಪೀಸ್ ಲೆಕ್ಕ, ಶನಿವಾರ ಕೈಗೆ ಕ್ಯಾಶ್. ಪೇ ಸ್ಲಿಪ್ ಇಲ್ಲ, ಪಿಎಫ್ ಇಲ್ಲ. ಇರೋದು ಮಾಲೀಕರ ಉದ್ದನೆ ನೋಟ್‌ಬುಕ್ ಒಂದೇ: ಹೆಸರು, ಪೀಸು, ಕೊಟ್ಟ ದುಡ್ಡು, ಪಕ್ಕದಲ್ಲಿ ತಮ್ಮನ ಸಹಿ. ಫೋಟೊ ತೆಗೆಯಲು ಬಿಟ್ಟರು. ಕೋರ್ಟಿಗೆ ಬಂದು ಹೇಳಿ ಅಂದರೆ ಮಾತು ತೇಲಿಸುತ್ತಾರೆ. ಟ್ಯಾಕ್ಸ್ ಭಯ ಇರಬೇಕು, ಅವರನ್ನೂ ಜಾಸ್ತಿ ಬೈಯಲು ಮನಸ್ಸಿಲ್ಲ.

ಇನ್ಶೂರೆನ್ಸ್ ಕಡೆಯವರು ಚಿಕ್ಕ ಮೊತ್ತ ಹೇಳಿ ಸಹಿ ಹಾಕಿ ಅನ್ನುತ್ತಿದ್ದಾರೆ. ಹಾಕಿಲ್ಲ. ಮೋಟಾರು ವಾಹನ ಕಾಯ್ದೆಯ 166ನೇ ಕಲಂನಲ್ಲಿ ನಾವಿರುವ ಊರಿನ ಟ್ರಿಬ್ಯುನಲ್‌ನಲ್ಲೇ (ಅಪಘಾತ ಪರಿಹಾರದ ಕೋರ್ಟು) ಅರ್ಜಿ ಹಾಕಬಹುದು. 2019ರ ತಿದ್ದುಪಡಿಯಲ್ಲಿ ಅದಕ್ಕೆ ಆರು ತಿಂಗಳ ಗಡುವು ಇದೆ, ಸುಮ್ನೆ ಕೂರುವ ಹಾಗಿಲ್ಲ.

ಇಂಥ ಕೇಸ್ ನಡೆಸಿದವರು ದಯವಿಟ್ಟು ಹೇಳಿ. ನೋಟ್‌ಬುಕ್ ಫೋಟೊ, ಜೊತೆಗೆ ಹೊಲಿಯುವವರ ಸಾಕ್ಷಿ, ಇಷ್ಟು ಸಾಕಾಗುತ್ತದಾ? ಮಾಲೀಕರಿಗೆ ಸಮನ್ಸ್ ಕೊಡಿಸಿ ಪುಸ್ತಕ ತರಿಸಬಹುದಾ? ಕೈ ಎಷ್ಟು ಪರ್ಸೆಂಟ್ ಊನ ಅಂತ ಆಪರೇಷನ್ ಮಾಡಿದ ಡಾಕ್ಟರೇ ಬರೆದುಕೊಟ್ಟರೆ ನಡೆಯುತ್ತದಾ, ಜಿಲ್ಲಾ ಆಸ್ಪತ್ರೆಗೇ ಹೋಗಬೇಕಾ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಕ್ಕಿದವರಿದ್ದರೆ ಹೇಗೆ ಸಿಕ್ಕರು ತಿಳಿಸಿ. ಬರುವ ಪರಿಹಾರದಲ್ಲಿ ಪಾಲು ಕೇಳುವ ಏಜೆಂಟರು ಮಾತ್ರ ಮೆಸೇಜ್ ಮಾಡಬೇಡ್ರಿ.