ಸಹಾಯ ಬೇಕು: ಅಮ್ಮನನ್ನು ಕರೆದುಕೊಂಡು ಗಲಪಗೋಸ್‌ಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ನಮಸ್ಕಾರ. ನಾವು ಗೋಣಿಕೊಪ್ಪದವರು. ಕಾಫಿ ಕೊಯ್ಲು ಮುಗಿದ ಮೇಲೆ ಅಪ್ಪ, ಅಮ್ಮನ ಜೊತೆ ಈಕ್ವೆಡಾರ್‌ನ ಗಲಪಗೋಸ್ ದ್ವೀಪಗಳಿಗೆ ಹಡಗಿನಲ್ಲಿ ಹೋಗುತ್ತಿದ್ದೇವೆ. ಒಂದು ದಿನ ಬೆಳಿಗ್ಗೆ ಫರ್ನಾಂಡಿನಾ, ಮಧ್ಯಾಹ್ನ ಇಸಬೆಲಾ. ಫರ್ನಾಂಡಿನಾ ಅಂದರೆ 2024ರಲ್ಲೂ ಲಾವಾ ಉಕ್ಕಿದ ಜ್ವಾಲಾಮುಖಿ. ಮೂಗಿನಿಂದ ಉಪ್ಪುನೀರು ಸೀನುವ ಕಡಲ ಇಗುವಾನಾ (ದೊಡ್ಡ ಹಲ್ಲಿಯಂಥ ಪ್ರಾಣಿ) ಅಲ್ಲಿ ರಾಶಿ ರಾಶಿ. ಹಾರಲಾರದ ನೀರುಕಾಗೆ ಇರುವುದು ಈ ಎರಡೇ ದ್ವೀಪಗಳಲ್ಲಿ. ಅದನ್ನು ನೋಡಲೇಬೇಕು ಅಂತ ಅಮ್ಮನ ಹಟ!

ನಾಗರಹೊಳೆ ಸಫಾರಿಯಲ್ಲಿ ಗಾಡಿಯಿಂದ ಇಳಿಯುವ ಹಾಗೇ ಇಲ್ಲ. ಗಲಪಗೋಸ್‌ನಲ್ಲಾದರೆ ಗೈಡ್ ಜೊತೆ, ಪ್ರಾಣಿಗಳಿಂದ 2 ಮೀಟರ್ ದೂರ ಬಿಟ್ಟು ನಡೆದೇ ನೋಡಬೇಕು. ಅಮ್ಮನಿಗೆ 66 ವರ್ಷ, ಮೊಣಕಾಲು ನೋವು. ರಬ್ಬರ್ ದೋಣಿಯಿಂದ ಒದ್ದೆ ಲಾವಾ ಬಂಡೆಗೆ ಕಾಲಿಡುವುದು ತುಂಬಾ ಕಷ್ಟವಾ? ಎಂಥ ಶೂ ಒಳ್ಳೆಯದು? ತೋಟದ ಗಮ್‌ಬೂಟ್ ಸಾಕು ಅಂತಾರೆ ಅಮ್ಮ. ಮಣ್ಣು, ಬೀಜ ಅಂಟಿದ್ದರೆ ತಪಾಸಣೆಯಲ್ಲಿ ಹಿಡಿಯುತ್ತಾರೆ ಅಲ್ವಾ?

ಅಪ್ಪನ ಕಥೆ ಬೇರೆ. ಸಂಪಾಜೆ ಘಾಟಿಯಲ್ಲೇ ವಾಂತಿ. ಹಡಗಿನಲ್ಲಿ ಯಾವ ಕಡೆಯ ರೂಮು ಕಡಿಮೆ ಅಲ್ಲಾಡುತ್ತದೆ? ಮಾತ್ರೆಯನ್ನು ಡಾಕ್ಟರ್ ಹತ್ತಿರ ಕೇಳುತ್ತೇನೆ.

ಇನ್ನೊಂದು, ಮನೆಯ ಕಾಫಿಪುಡಿ ಒಯ್ಯಲು ಬಿಡುತ್ತಾರಾ?