ಅಪ್‌ಡೇಟ್: ಮುಲುಂಡ್ ಫ್ಲ್ಯಾಟಿನ ಸೀಲಿಂಗ್ ಮತ್ತು ಮನೆ ವಿಮೆ

ಮುಂಬೈನ ಮುಲುಂಡ್‌ನ ನಮ್ಮ ಮೇಲಂತಸ್ತಿನ ಫ್ಲ್ಯಾಟಿನಲ್ಲಿ ಸೆಕೆ ತಡೆಯಲು ಥರ್ಮಾಕೋಲ್ ಹಾಕಿಸಿ ಫಾಲ್ಸ್ ಸೀಲಿಂಗ್ ಮಾಡಿಸಿದರೆ ಅದು ವಿಮೆಗೆ ಸೇರುತ್ತದೆಯೇ ಎಂದು ಬೇಸಿಗೆಯಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆ ಪಾಲಿಸಿಯ ಷರತ್ತುಗಳನ್ನು ಓದಿದಾಗ, ಗೋಡೆ, ನೆಲ, ಚಾವಣಿಗೆ ಕಾಯಂ ಆಗಿ ಜೋಡಿಸಿದ್ದೆಲ್ಲ ಕಟ್ಟಡದ ಭಾಗವೇ ಎಂಬುದೂ, ವಿಮಾ ಮೊತ್ತವನ್ನು ಮಾರುಕಟ್ಟೆ ಬೆಲೆಯ ಮೇಲಲ್ಲದೆ ಕಾರ್ಪೆಟ್ ವಿಸ್ತೀರ್ಣ (ಮನೆಯೊಳಗೆ ಬಳಸಬಹುದಾದ ನೆಲದ ಅಳತೆ) ಮತ್ತು ನಿರ್ಮಾಣ ದರದ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದೂ ಸ್ಪಷ್ಟವಾಯಿತು. ಥರ್ಮಾಕೋಲ್ ಬಿಟ್ಟು, ಬೆಂಕಿ ಹಿಡಿಯದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ಹಾಸು) ಆರಿಸಿದೆವು.

ಆದರೆ ಅಳತೆಗೆಂದು ಏಣಿ ಹತ್ತಿದಾಗ ಸ್ಲ್ಯಾಬಿನ ಮೂಲೆಯಲ್ಲಿ ನೀರು ಜಿನುಗಿದ ಅಂಗೈಯಗಲದ ಕಂದು ಕಲೆ ಕಂಡಿತು. ಬೆರಳಿನಿಂದ ಒತ್ತಿದರೆ ಪ್ಲಾಸ್ಟರ್ ಉದುರುತ್ತಿತ್ತು. ಈ ಪಾಲಿಸಿಯಲ್ಲಿ ಪೈಪ್ ಒಡೆದು ಆದ ಹಾನಿಗೆ ಪರಿಹಾರವಿದೆ, ವರ್ಷಗಟ್ಟಲೆ ಜಿನುಗಿ ಆದ ಸವೆತಕ್ಕಿಲ್ಲ. ನೆನೆದ ರಾಕ್‌ವೂಲ್ ಶಾಖ ತಡೆಯುವುದಿಲ್ಲವಾದ್ದರಿಂದ, ಮೊದಲು ಟೆರೇಸಿನ ವಾಟರ್‌ಪ್ರೂಫಿಂಗ್ ಮಾಡಿಸಬೇಕೆಂದು ಹೌಸಿಂಗ್ ಸೊಸೈಟಿಗೆ ಫೋಟೊ ಸಹಿತ ಅರ್ಜಿ ಕೊಟ್ಟಿದ್ದೇನೆ.