ಅಂಗಡಿಗೆ ಸಣ್ಣ ಪಿಸಿ ಕಟ್ಟಬೇಕು, ಬಿಸಿಯಾಗದ ಪ್ರೊಸೆಸರ್ ಯಾವುದು? ಅನುಭವ ಇದ್ದವ್ರು ಹೇಳಿ

ಕಟಪಾಡಿ ಕಡ್ಲೆ:
ನಮಸ್ಕಾರ. ಅಪ್ಪನ ದಿನಸಿ ಅಂಗಡಿಗೆ ಒಂದು ಸಣ್ಣ ಕಂಪ್ಯೂಟರ್ ಕಟ್ಟುವ ಅಂತ. ಕೆಲಸ ದೊಡ್ಡದೆಂತ ಇಲ್ಲ, ಬಿಲ್ಲಿಂಗ್, ಟ್ಯಾಲಿಯಲ್ಲಿ ಲೆಕ್ಕಪತ್ರ, ನಾಲ್ಕು ಕ್ಯಾಮೆರಾ ನೋಡ್ಲಿಕ್ಕೆ, ಮಧ್ಯಾಹ್ನ ಗಿರಾಕಿ ಇಲ್ಲದಾಗ ಅಪ್ಪನಿಗೆ ಯೂಟ್ಯೂಬಲ್ಲಿ ಯಕ್ಷಗಾನ. ಗಲ್ಲಾ ಮೇಜಿನ ಅಡಿಯಲ್ಲಿ ಒಂದಡಿ ಜಾಗ ಉಂಟು, ಪಕ್ಕದಲ್ಲಿ ಅಕ್ಕಿ ಗೋಣಿ. ಏಸಿ ಇಲ್ಲ, ಮೇಲೆ ಶೀಟು. ಬೋರ್ಡು (ಎಲ್ಲ ಭಾಗ ಕೂರುವ ಮದರ್‌ಬೋರ್ಡು), ಪ್ರೊಸೆಸರ್, ರ‍್ಯಾಮ್ ಸೇರಿ 20,000ದ ಒಳಗೆ ಆಗ್ಬೇಕು. ಎನ್100, ಐ3-12100, ರೈಜನ್ 5600ಜಿ, ಈ ಮೂರು ಪ್ರೊಸೆಸರಲ್ಲಿ ಯಾವುದು ಅಂತ ಮಂಡೆಬಿಸಿ ಆಗಿದೆ. ತಣ್ಣಗೆ ಓಡುದು ಯಾವುದು?

ಸುರತ್ಕಲ್ ಸೋಲ್ಡರ್:
ಎನ್100. ಮಾತೇ ಇಲ್ಲ. ನಾನು 2023ರ ಸೆಪ್ಟೆಂಬರಲ್ಲಿ ತಗೊಂಡದ್ದು ಮಾರಾಯ್ರೆ, ಬೋರ್ಡು 11,400, ಕೊರಿಯರಿಗೆ 180, 16 ಜಿಬಿ ರ‍್ಯಾಮ್ ಒಂದೇ ಸ್ಟಿಕ್ಕು 3,250, ಆಗ ರ‍್ಯಾಮ್ ಅಂದ್ರೆ ಕಡ್ಲೆಕಾಯಿ ರೇಟು. ಪ್ರೊಸೆಸರ್ ಬೇರೆ ತಗೊಳ್ಳಿಕ್ಕೆ ಇಲ್ಲ, ಬೋರ್ಡಿಗೆ ಬೆಸುಗೆ ಹಾಕಿಯೇ ಬರ್ತದೆ. ನಾಲ್ಕು ಕೋರು, 6 ವ್ಯಾಟ್. ಫ್ಯಾನೇ ಇಲ್ಲ! ಇಟ್ಟದ್ದು ಎಲ್ಲಿ ಗೊತ್ತುಂಟಾ, ಭಾವನ ಹಿಟ್ಟಿನ ಮಿಲ್ಲಲ್ಲಿ. ಅಲ್ಲಿ ಮೊದಲು ಇದ್ದ ಕಂಪ್ಯೂಟರಿನ ಫ್ಯಾನು ಆರು ತಿಂಗಳಿಗೊಮ್ಮೆ ಬಿಚ್ಚಿದ್ರೆ ಒಳಗೆ ಅರ್ಧ ಪಾವು ಅಕ್ಕಿಹಿಟ್ಟು ಸಿಗ್ತಿತ್ತು, ರೊಟ್ಟಿ ತಟ್ಟಬಹುದಿತ್ತು. ಇದಕ್ಕೆ ಹಿಟ್ಟು ಒಳಗೆ ಎಳೆಯುವವನೇ ಇಲ್ಲ. ಪ್ಲಗ್ಗಿಗೆ ವ್ಯಾಟ್ ಮೀಟರ್ ಸಿಕ್ಕಿಸಿ ನೋಡಿದ್ದೇನೆ, ಸುಮ್ನೆ ಕೂತಾಗ ಇಡೀ ಪೆಟ್ಟಿಗೆ 11 ವ್ಯಾಟ್. ದಿನಕ್ಕೆ 24 ಗಂಟೆ ಇಟ್ರೂ ತಿಂಗಳಿಗೆ 8 ಯೂನಿಟ್. ಮುಗೀತು.

ಪುಳಿಮುಂಚಿ:
ಮುಗೀಲಿಲ್ಲ ಸಾರ್. ನಂದೂ ಎನ್100ಏ. ಪೆಟ್ಟಿಗೆಯಲ್ಲಿ 6 ವ್ಯಾಟ್ ಬರೆದದ್ದು ಕಂಡು ನಾನೂ ಹೀಗೇ ಕುಣಿದದ್ದು. ಬೋರ್ಡಿನವ್ರು ಬಯಾಸಲ್ಲಿ, ಅಂದ್ರೆ ಬೋರ್ಡಿನ ಒಳಗಿನ ಸೆಟ್ಟಿಂಗಲ್ಲಿ, ಕರೆಂಟಿನ ಲಿಮಿಟ್ ಸಡಿಲ ಬಿಟ್ಟಿರ್ತಾರೆ, ಲೋಡ್ ಬಿದ್ದಾಗ ಅದು 6ಕ್ಕೆ ನಿಲ್ಲುದಿಲ್ಲ. ನಾನು ಮರದ ಡ್ರಾಯರಲ್ಲಿ ಇಟ್ಟು ಬಾಗಿಲು ಹಾಕಿದೆ, ಏಪ್ರಿಲಲ್ಲಿ 88 ಡಿಗ್ರಿ ತೋರಿಸ್ತಿತ್ತು. ಅದು ನನ್ನ ತಪ್ಪೇ, ಒಪ್ತೇನೆ. ಆದ್ರೆ ಆಮೇಲಿನದ್ದು ಕೇಳಿ. ಕಳೆದ ಮೇ ತಿಂಗಳ ಗುಡುಗಿಗೆ ಫೈಬರ್ ಮೋಡೆಮ್ ಹೋಯ್ತು, ಅದರ ಹಿಂದೆ ಲ್ಯಾನ್ ವಯರಲ್ಲೇ ಬಂದು ಬೋರ್ಡಿನ ಲ್ಯಾನ್ ಪೋರ್ಟೂ ಹೋಯ್ತು. ಯುಎಸ್‌ಬಿ ಲ್ಯಾನ್ 640 ಕೊಟ್ಟು ಹಾಕಿದೆ, ಎರಡು ತಿಂಗಳು ಓಡಿತು, ಆಮೇಲೆ ಡಿಸ್ಪ್ಲೇಯೂ ಸತ್ತಿತು. ಪ್ರೊಸೆಸರ್ ಬೋರ್ಡಿಗೇ ಅಂಟಿದ್ದಲ್ವಾ, ಗಂಡ ಸತ್ರೆ ಹೆಂಡ್ತಿಯನ್ನೂ ಸುಡುವ ಹಾಗೆ ಎರಡೂ ಒಟ್ಟಿಗೆ ಗುಜರಿಗೆ. ಪ್ರೊಸೆಸರ್ ಬಿಚ್ಚಿ ತೆಗೀಲಿಕ್ಕಾಗುವ ಸಾಕೆಟಿನದ್ದಾಗಿದ್ರೆ 6,000ದ ಬೋರ್ಡು ಬದಲಾಯಿಸಿ ಮುಗಿಸ್ತಿದ್ದೆ. ಒಟ್ಟು ಲೆಕ್ಕ: 11,900 + 640 + ಚೆಕ್ ಮಾಡ್ಲಿಕ್ಕೆ ಅಂಗಡಿಯವ 350. ರ‍್ಯಾಮ್ ಒಂದು ಉಳಿಯಿತು.

ಸುರತ್ಕಲ್ ಸೋಲ್ಡರ್:
ಗುಡುಗು ಬಂದಾಗ ವಯರು ಕೀಳದಿದ್ದವರಿಗೆ ಪ್ರೊಸೆಸರ್ ಎಂತ ಮಾಡುದು? ನಮ್ಮಲ್ಲಿ ಅಜ್ಜಿಗೂ ಗೊತ್ತುಂಟು, ಆಕಾಶ ಕಪ್ಪಾದ್ರೆ ಮೊದಲು ಪ್ಲಗ್ಗು, ಆಮೇಲೆ ಒಣಗ್ಲಿಕ್ಕೆ ಹಾಕಿದ ಬಟ್ಟೆ.

ಪುಳಿಮುಂಚಿ:
ನಾನು ಆಫೀಸಲ್ಲಿದ್ದೆ ಮಾರಾಯ. ನಿಮ್ಮ ಅಜ್ಜಿಯನ್ನು ಕಳಿಸಿ ಹಾಗಾದ್ರೆ.

ಬೆಂದೂರ್‌ವೆಲ್ ಅಂಕಲ್:
ನನ್ನದು 5600ಜಿ. ಆರು ಕೋರು, 65 ವ್ಯಾಟ್, ಗ್ರಾಫಿಕ್ಸ್ ಒಳಗೇ ಉಂಟು. ಪ್ರೊಸೆಸರ್ ಬಗ್ಗೆ ಒಂದು ಮಾತೂ ಆಡ್ಲಿಕ್ಕಿಲ್ಲ. ಬಯಾಸಲ್ಲಿ 45 ವ್ಯಾಟಿಗೆ ಇಳಿಸಿದ್ದೇನೆ, ಬಿಲ್ಲಿಂಗಿನಲ್ಲಿ ವ್ಯತ್ಯಾಸವೇ ಗೊತ್ತಾಗುದಿಲ್ಲ. ನಾನು ಬಿದ್ದದ್ದು 9 ಮಿಲಿಮೀಟರಿಗೆ. ಚಂದದ ಸಣ್ಣ ಕೇಸು 4,300 ಕೊಟ್ಟು ತರಿಸಿದೆ, ಅದರಲ್ಲಿ ಕೂಲರಿಗೆ, ಅಂದ್ರೆ ಪ್ರೊಸೆಸರಿನ ಮೇಲೆ ಕೂರುವ ಫ್ಯಾನಿಗೆ, 45 ಮಿ.ಮೀ. ಜಾಗ. ಪ್ರೊಸೆಸರಿನ ಒಟ್ಟಿಗೆ ಬರುವ ಕೂಲರ್ 54 ಮಿ.ಮೀ. ಮುಚ್ಚಳ ಹಾಕ್ಲಿಕ್ಕೆ ಆಗ್ಲಿಲ್ಲ. ಮೂರು ದಿನ ಮುಚ್ಚಳ ಇಲ್ಲದೆ ಓಡಿಸಿದೆ, ನಾಲ್ಕನೇ ದಿನ ಹಲ್ಲಿ ಇಳಿಯಿತು, ಫ್ಯಾನಿಗೆ ಸಿಕ್ಕಿತು, ಆ ವಾಸನೆ ನಾನು ವಿವರಿಸುದಿಲ್ಲ. ಮತ್ತೆ 37 ಮಿ.ಮೀ. ಎತ್ತರದ ಕೂಲರಿಗೆ ಹುಡುಕಾಟ. ಬೆಂಗಳೂರು ಎಸ್‌ಪಿ ರೋಡಿಗೆ ಹೋಗುವ ನೆಂಟರ ಹತ್ರ ಹೇಳಿ ತರಿಸಿದೆ, ಅವರು ಬೇರೆ ಸಾಕೆಟಿನದ್ದು ತಂದ್ರು. ವಾಪಸು, ಪುನಃ. ಕೊನೆಗೆ 9 ಮಿ.ಮೀ.ಗೆ ನಾನು ತೆತ್ತದ್ದು 3,700, ಬಸ್ ಪಾರ್ಸೆಲ್ ಎರಡು ಸಲ 240. ಒಂದು ಮಿ.ಮೀ.ಗೆ 438 ರೂಪಾಯಿ ಬಿತ್ತು, ಲೆಕ್ಕ ಹಾಕಿ.

ಗೋಳಿಬಜೆ:
ಐ3 ತಗೊಳ್ಳುದಾದ್ರೆ ಒಂದು ಅಕ್ಷರ ನೋಡಿಕೊಳ್ಳಿ ಅಷ್ಟೇ. ನಾನು 12100 ಅಂತ ಹೇಳಿ 12100ಎಫ್ ತಂದೆ, 1,900 ಉಳಿಯಿತು ಅಂತ ಗೋಬಿ ಮಂಚೂರಿ ತಿಂದು ಮನೆಗೆ ಬಂದೆ. ಎಫ್ ಅಂದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಎಚ್‌ಡಿಎಂಐ ತೂತು ಬರೀ ಅಲಂಕಾರಕ್ಕೆ. ರಾತ್ರಿ ಎರಡು ಗಂಟೆವರೆಗೆ ರ‍್ಯಾಮ್ ಉಜ್ಜಿದೆ, ಮಾನಿಟರ್ ಬದಲಾಯಿಸಿದೆ, ದೇವರಿಗೂ ಹೇಳಿಕೊಂಡೆ. ಮರುದಿನ 3,600ರ ಗ್ರಾಫಿಕ್ಸ್ ಕಾರ್ಡು. ಈಗ ಬಿಸಿಯಾಗುದು ಆ ಕಾರ್ಡೇ.

ಮಣಿಪಾಲ ನೈಟ್‌ಶಿಫ್ಟ್:
ಯಾರೂ ಟಿ ಸೀರೀಸ್, ಅಂದ್ರೆ ಕಡಿಮೆ ಕರೆಂಟಿನ ಪ್ರೊಸೆಸರ್, ಹೇಳಲೇ ಇಲ್ಲ. ಐ3-12100ಟಿ, 35 ವ್ಯಾಟ್. ಮಾಮೂಲಿ 12100 ಬೇಸ್ 60, ಜೋರು ಓಡುವಾಗ (ಟರ್ಬೋ) 89. ಬಿಸಿ ಕಡಿಮೆ. ಬಾಕ್ಸ್ ಇಲ್ಲದ ಟ್ರೇ ಪೀಸು, 1,400 ಜಾಸ್ತಿ ಕೊಟ್ಟೆ, ವಾರಂಟಿ ಬರೀ ಅಂಗಡಿಯವನ ಬಾಯಿಮಾತು. ಆದ್ರೂ ಖುಷಿ ಉಂಟು.

ಸುರತ್ಕಲ್ ಸೋಲ್ಡರ್:
ಹಹ್ಹ. 1,400 ನೀರಿಗೆ. ಟಿ ಅಂದ್ರೆ ಅದೇ ಚಿಪ್ಪಿಗೆ ಮೂಗುದಾರ ಹಾಕಿ ಕೊಟ್ಟದ್ದು. ಸುಮ್ನೆ ಕೂತಾಗ ಎರಡೂ ಒಂದೇ ತಿಂತಾವೆ. ಮಾಮೂಲಿದನ್ನೇ ತಂದು ಬಯಾಸಲ್ಲಿ ಪವರ್ ಲಿಮಿಟ್ 35 ಅಂತ ಟೈಪ್ ಮಾಡಿದ್ರೆ ಹೆಚ್ಚುಕಡಿಮೆ ಅದೇ ಆಯ್ತು, ಪುಕ್ಕಟೆ.

ಮಣಿಪಾಲ ನೈಟ್‌ಶಿಫ್ಟ್:
ಎಲ್ಲಾ ಬೋರ್ಡಲ್ಲಿ ಆ ಆಯ್ಕೆ ಕೊಡುದಿಲ್ಲ. ಗೊತ್ತಿಲ್ಲದಿದ್ರೆ ಹಲ್ಲು ಕಿರಿಯಬೇಡಿ. ನಾನು ಮಾಡಿದ್ದು ನನ್ನ ದುಡ್ಡಲ್ಲಿ, ಹಿಟ್ಟಿನ ಮಿಲ್ಲಿನ ಭಾವನ ದುಡ್ಡಲ್ಲಿ ಅಲ್ಲ.

ಬೆಂದೂರ್‌ವೆಲ್ ಅಂಕಲ್:
ಇಬ್ರೂ ಸಮಾಧಾನ ಮಾಡಿ. ಹುಡುಗ ಕೇಳಿದ್ದು ಎಂತ, ನೀವು ಹೇಳುದು ಎಂತ. ಅಂದ ಹಾಗೆ ಆ ಕೇಸಿನ ಮುಚ್ಚಳದ ಸ್ಕ್ರೂ ಕೂಡ ಆರು ತಿಂಗಳಲ್ಲಿ ತುಕ್ಕು ಹಿಡಿದು ತಿರುಗದೆ ಹೋಯ್ತು, ಅದಕ್ಕೆ ತೆಂಗಿನೆಣ್ಣೆ ಹಾಕಿದೆ, ಅದು ಇನ್ನೊಂದು ಕಥೆ.

ಮಲ್ಪೆ ಮೀಟರ್:
ತುಕ್ಕಿನ ಮಾತು ಬಂತಲ್ಲ. ನಾನು ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿ ತಗೊಂಡವ, ಒಳಗೆ ಐ5-6500ಟಿ ಪ್ರೊಸೆಸರ್, 7,500ಕ್ಕೆ. ಪುಸ್ತಕದಷ್ಟು ದಪ್ಪ, ಸದ್ದಿಲ್ಲ. ನಾಲ್ಕು ಜನರಿಗೆ ಕರೆದು ಕರೆದು ತೋರಿಸಿದ್ದೆ. ಆಮೇಲೆ ನೋಡಿದ್ರೆ ಇಂಟೆಲ್ಲಿನ ಆರನೇ ಜನರೇಶನ್ನಿಗೆ ವಿಂಡೋಸ್ 11 ಇಲ್ಲ, ಎಂಟರಿಂದ ಮೇಲೆ ಮಾತ್ರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟೂ ನಿಂತಿತು. ಇನ್ನೊಂದು 4,000 ಹಾಕಿದ್ರೆ 8500ಟಿ ಸಿಗ್ತಿತ್ತು, ಇವತ್ತಿಗೂ ಹೊಟ್ಟೆ ಉರೀತದೆ. ಇರ್ಲಿ. ನಾನು ಹೇಳುದು ಬೇರೆ: ತಣ್ಣಗೆ ತಣ್ಣಗೆ ಅಂತೀರಲ್ಲ, ನಮ್ಮ ಊರಲ್ಲಿ ಕಂಪ್ಯೂಟರ್ ಹಾಳಾಗುದು ಬಿಸಿಗಿಂತ ಥಂಡಿಗೆ. ಮಳೆಗಾಲದಲ್ಲಿ ಎರಡು ತಿಂಗಳು ಆಫ್ ಮಾಡಿಟ್ಟದ್ದು, ತೆಗೆದಾಗ ರ‍್ಯಾಮಿನ ಹಲ್ಲಿಗೆ ಹಸಿರು ಹಿಡಿದಿತ್ತು. ಸಮುದ್ರದ ಗಾಳಿ, ಉಪ್ಪು. ದಿನಾ ಒಂಚೂರು ಬೆಚ್ಚಗಿದ್ರೆ ಒಳಗೆ ಪಸೆ ನಿಲ್ಲುದಿಲ್ಲ. ಬಟ್ಟೆ ಕಪಾಟಿಗೆ ಬೂಸ್ಟು ಬಾರದ ಹಾಗೆ ಸಣ್ಣ ಬಲ್ಬ್ ಉರಿಸಿಡುದು ಯಾಕೆ ಮತ್ತೆ?

ಪುಳಿಮುಂಚಿ:
ಹೌದೌದು, ನನ್ನ ಸತ್ತ ಬೋರ್ಡಿಗೂ ಹಸಿರು ಇತ್ತು! ಗುಡುಗು ಅಂತ ಮಾತ್ರ ಎಣಿಸಿದ್ದೆ.

ಸುರತ್ಕಲ್ ಸೋಲ್ಡರ್:
ಹಾಗಾದ್ರೆ ಎನ್100 ತಪ್ಪಲ್ಲ ಅಂತ ಆಯ್ತಲ್ಲ. ಬರೆದು ಕೊಡಿ. ನಾನು ಮೊದಲೇ ಹೇಳಿದೆ, 24 ಗಂಟೆ ಆನ್ ಇಡಿ, 8 ಯೂನಿಟ್ ಅಷ್ಟೇ, ಅದೂ ಈಗ ಗೃಹಜ್ಯೋತಿಯಲ್ಲಿ ಫ್ರೀ.

ಗೋಳಿಬಜೆ:
ಅಂಗಡಿ ಮೀಟರಿಗೆ ಗೃಹಜ್ಯೋತಿ ಎಲ್ಲಿಂದ? ಮನೆ ಮೀಟರಿಗೆ ಮಾತ್ರ ಅದು. ಮನೆಗೂ 200 ಯೂನಿಟ್ ಪೂರ್ತಿ ಫ್ರೀ ಅಲ್ಲ, 2022-23ರ ಸರಾಸರಿ ಎಷ್ಟೋ ಅದರ ಮೇಲೆ ಒಂಚೂರು ಅಷ್ಟೇ. ನಮ್ಮನೆಯವ್ರು ಆ ವರ್ಷ ಗಲ್ಫಲ್ಲಿ ಇದ್ರು, ಮನೆಗೆ ಬೀಗ. ಸರಾಸರಿ ಎಷ್ಟು ಬರ್ತದೆ ಹೇಳಿ? ಈಗ ಫ್ರಿಜ್ ಹಾಕಿದ್ರೂ ದಾಟ್ತದೆ.

ಮಣಿಪಾಲ ನೈಟ್‌ಶಿಫ್ಟ್:
ಗಲ್ಫಲ್ಲಿ ದುಡಿದವರಿಗೆ ಫ್ರೀ ಕರೆಂಟ್ ಬೇರೆ ಬೇಕಾ.

ಗೋಳಿಬಜೆ:
ಟ್ಯಾಕ್ಸ್ ನಾನೂ ಕಟ್ತೇನೆ. 3,600ರ ಗ್ರಾಫಿಕ್ಸ್ ಕಾರ್ಡಿಗೆ 18 ಪರ್ಸೆಂಟ್ ಜಿಎಸ್‌ಟಿ ನಿಮ್ಮ ಅಪ್ಪ ಕಟ್ಟಿದ್ದಾ?

ಕುಂದಾಪ್ರ ಮಳಿ:
ಹ್ವಾಯ್, ಎಂತ ಗಲಾಟಿ ಮರ್ರೆ ಇದ್. ನಮ್ಮನಿಯಗೆ 2020ರಿಂದ ಆತ್ಲಾನ್ 3000ಜಿ ಪ್ರೊಸೆಸರ್ ಇತ್, ಎರ್ಡೇ ಕೋರ್, 35 ವ್ಯಾಟ್. ಟ್ಯಾಲಿ ಓಡತ್, ಯಕ್ಷಗಾನವೂ ಓಡತ್, ಅಡ್ಡಿಲ್ಲೆ. ಒಂದ್ ಸಲ ಪ್ರೊಸೆಸರಿಗೂ ಕೂಲರಿಗೂ ನಡು ಹಚ್ಚು ಪೇಸ್ಟ್ ಒಣಗಿ ಬಿಸಿಯಾಯ್ತ್, 150 ರೂಪಾಯಿ ಟ್ಯೂಬ್ ತಂದ್ ಹಚ್ಚಿದೆ, ಸಮ ಆಯ್ತ್. ನಿಮ್ ಲೆಕ್ಕ ಕಂಡ್ರೆ ನಂಗೇ ಬೆವರ್ ಬತ್ತ್.

ಕಟಪಾಡಿ ಕಡ್ಲೆ:
ಎಲ್ರಿಗೂ ಥ್ಯಾಂಕ್ಸ್. ಅಕ್ಕಿ ಗೋಣಿ ತಾಗಿಕೊಂಡು ಇಟ್ರೆ ಗಾಳಿ ಆಡ್ತದಾ ಅಂತ ಕೇಳ್ಬೇಕಿತ್ತು. ಮತ್ತೆ ಅಪ್ಪ ರಾತ್ರಿ ಮೈನ್ ಸ್ವಿಚ್ಚೇ ಆಫ್ ಮಾಡಿ ಹೋಗ್ತಾರೆ, ಹಾಗಾಗಿ 24 ಗಂಟೆ ಆನ್ ಇಡ್ಲಿಕ್ಕೆ ಆಗುದಿಲ್ಲ.

ಸುರತ್ಕಲ್ ಸೋಲ್ಡರ್:
ಮೈನ್ ಆಫ್ ಮಾಡಿದ್ರೆ ಕ್ಯಾಮೆರಾ ಎಂತಕ್ಕೆ ಹಾಕಿದ್ದು? ಕಳ್ಳ ಹಗಲಿಗೆ ಬರ್ತಾನಾ?

ಮಲ್ಪೆ ಮೀಟರ್:
ರಾತ್ರಿ ಆಫ್ ಆದ್ರೆ ಅಡ್ಡಿಯಿಲ್ಲ, ಹಗಲು ಬೆಚ್ಚಗಾಗ್ತದಲ್ಲ. ವಾರಗಟ್ಲೆ ಮುಚ್ಚಿಡಬೇಡಿ ಅಷ್ಟೇ. ಗೋಣಿ ಒಂದು ಗೇಣು ದೂರ ಇಡಿ. ಹೊರಗೇ 34 ಡಿಗ್ರಿ ಇರುವಾಗ ಯಾವ ಪ್ರೊಸೆಸರೂ ಅದಕ್ಕಿಂತ ತಣ್ಣಗಾಗ್ಲಿಕ್ಕಿಲ್ಲ, ಇದ್ದ ಬಿಸಿ ಹೊರಗೆ ಹೋದ್ರೆ ಸಾಕು.

ಕಟಪಾಡಿ ಕಡ್ಲೆ:
ನಿನ್ನೆ ಉಡುಪಿಯಲ್ಲಿ ವಿಚಾರಿಸಿದೆ. ಐ3-12100, ಎಫ್ ಇಲ್ಲದ್ದು, 9,800 ಹೇಳಿದ್ರು. ಬೋರ್ಡು 6,300. ರ‍್ಯಾಮಿನ ರೇಟು ಕೇಳಿ ಹಾಗೇ ಬಂದೆ, 20,000 ದಾಟ್ತದೆ. ಸದ್ಯಕ್ಕೆ ಮನೆಯ ಹಳೇ ಕಂಪ್ಯೂಟರಿನ ಡಿಡಿಆರ್4 ರ‍್ಯಾಮ್ ಸ್ಟಿಕ್ಕು ಹಾಕಿ, ಬೋರ್ಡೂ ಅದಕ್ಕೆ ಹೊಂದುವಂತದ್ದೇ ತಗೊಳ್ಳುವ ಅಂತ. ಚಂದದ ಸಣ್ಣ ಕೇಸು ಒಂದು ನೋಡಿಟ್ಟಿದ್ದೇನೆ.

ಬೆಂದೂರ್‌ವೆಲ್ ಅಂಕಲ್:
ಕೂಲರಿಗೆ ಎಷ್ಟು ಮಿ.ಮೀ.?

ಕಟಪಾಡಿ ಕಡ್ಲೆ:
ನೋಡ್ಲಿಲ್ಲ ಅಂಕಲ್.

ಬೆಂದೂರ್‌ವೆಲ್ ಅಂಕಲ್:
ಅಯ್ಯೋ ದೇವರೇ. ದುಡ್ಡು ಕೊಟ್ಟಾಯ್ತಾ?